ಗೇ ಕ್ರೈಸ್ತರಿಗೆ ಯಾವ ಚರ್ಚ್ ಎಷ್ಟು ಜಾಗ ಕೊಡುತ್ತದೆ?

ನಾನು ಗೇ, ಕ್ರೈಸ್ತ. ಎರಡರಲ್ಲಿ ಯಾವುದನ್ನೂ ಬಿಡುವ ಮನಸ್ಸು ನನಗಿಲ್ಲ. ಹಾಗಾಗಿ ಬೇರೆ ಬೇರೆ ಪಂಗಡಗಳ ಆರಾಧನೆಯಲ್ಲಿ ಕೂತು, ಪಾದ್ರಿಗಳ ಹತ್ತಿರ ಮಾತಾಡಿ ನೋಡಿದ್ದೇನೆ. ಬಾಗಿಲಲ್ಲಿ ಎಲ್ಲರೂ ನಗುನಗುತ್ತಲೇ ಕರೆಯುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಕೇಳುವುದು ಮೂರೇ ಪ್ರಶ್ನೆ. ಪ್ರಭುಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ-ದ್ರಾಕ್ಷಾರಸ, ಕೊಡುತ್ತೀರಾ? ಸಂಡೇ ಸ್ಕೂಲಿನಲ್ಲಿ ಪಾಠ ಮಾಡಬಹುದಾ? ನನ್ನ ಸಂಗಾತಿಯ ಜೊತೆ ಮದುವೆ ಇಲ್ಲೇ ಆಗುತ್ತದಾ?

ಕ್ಯಾಥೊಲಿಕರಲ್ಲಿ ಮದುವೆ ಇಲ್ಲ, ಅದು ಖಚಿತ. 1992ರಲ್ಲಿ ಬಂದ ಅವರ ಧರ್ಮಬೋಧೆಯ ಪುಸ್ತಕ ಸಲಿಂಗಿಗಳನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು ಎನ್ನುತ್ತದೆ. ಜೊತೆಗೇ, ಅವರು ದೈಹಿಕ ಸಂಬಂಧವಿಲ್ಲದೆ ಬಾಳಬೇಕು ಎಂದೂ ಹೇಳುತ್ತದೆ. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯಿಂದ 'ಫಿದೂಚಿಯಾ ಸುಪ್ಲಿಕಾನ್ಸ್' ಎಂಬ ವ್ಯಾಟಿಕನ್ ಪ್ರಕಟಣೆ ಬಂತು. ಅದರ ಪ್ರಕಾರ ಸಲಿಂಗಿ ಜೋಡಿಗೆ ಫಾದರ್ ಆಶೀರ್ವಾದ ಕೊಡಬಹುದು. ಆದರೆ ಪೂಜಾವಿಧಿಯಾಗಿ ಅಲ್ಲ. ಮದುವೆಯ ಬಟ್ಟೆ, ಮದುವೆಯ ಮಾತು ಯಾವುದೂ ಇರಬಾರದು. ಫಾದರ್ ಒಬ್ಬರು ನಮ್ಮಿಬ್ಬರಿಗಾಗಿ ಪ್ರಾರ್ಥಿಸಿದಾಗ ನನ್ನ ಕಣ್ಣು ತುಂಬಿ ಬಂತು. ಆದರೂ ಆ ಊರಿಗೆ ಬೇರೆ ಫಾದರ್ ಬಂದರೆ ಅಷ್ಟೂ ಸಿಗದೇ ಹೋಗಬಹುದು. ಆಫ್ರಿಕಾದ ಬಿಷಪ್‌ಗಳ ಒಕ್ಕೂಟ 2024ರ ಜನವರಿಯಲ್ಲೇ ಇಂಥ ಆಶೀರ್ವಾದ ತಮ್ಮಲ್ಲಿ ಸರಿಹೋಗದು ಎಂದಿತು.

ಚರ್ಚ್ ಆಫ್ ಇಂಗ್ಲೆಂಡ್‌ನಿಂದ ಬೆಳೆದ ಆಂಗ್ಲಿಕನ್ನರದು ಒಂದೇ ಕುಟುಂಬ, ಆದರೆ ದೇಶ ಬದಲಾದರೆ ಉತ್ತರ ಬದಲಾಗುತ್ತದೆ. ಅಮೆರಿಕದ ಎಪಿಸ್ಕೋಪಲ್ ಚರ್ಚ್‌ನಲ್ಲಿ ಜೀನ್ ರಾಬಿನ್‌ಸನ್ 2003ರಲ್ಲೇ ಬಿಷಪ್ ಆದರು. ತಾನು ಗೇ ಎಂದು ಅವರು ಮುಚ್ಚಿಟ್ಟಿರಲಿಲ್ಲ. 2015ರಲ್ಲಿ ಅಲ್ಲಿ ಮದುವೆಗೂ ದಾರಿಯಾಯಿತು. ಚರ್ಚ್ ಆಫ್ ಇಂಗ್ಲೆಂಡ್ 2023ರಲ್ಲಿ ಆಶೀರ್ವಾದದ ಪ್ರಾರ್ಥನೆಗಳಷ್ಟಕ್ಕೆ ಒಪ್ಪಿತು. ನೈಜೀರಿಯಾ, ಉಗಾಂಡಾ ಚರ್ಚ್‌ಗಳಿಗೆ ಅದೂ ಬೇಡ.

ಆರ್ಥಡಾಕ್ಸ್ ಪಾದ್ರಿಯೊಬ್ಬರು ಮೊದಲ ದಿನವೇ, 'ಸಂಗಾತಿಯ ಜೊತೆ ಇರುವಾಗ ನಿಮ್ಮನ್ನು ಸೇರಿಸಿಕೊಳ್ಳಲು ಆಗುವುದಿಲ್ಲ' ಎಂದುಬಿಟ್ಟರು. ಬೇಜಾರಾಯಿತು. ಆದರೆ ಅವರು ಏನನ್ನೂ ಮುಚ್ಚಿಡಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಯಾವ ಪಂಗಡಕ್ಕೂ ಸೇರದ ಒಂದು ದೊಡ್ಡ ಸಭೆಯಲ್ಲಿ. ತಿಂಗಳುಗಟ್ಟಲೆ ನನ್ನಿಂದ ಹಾಡಿಸಿದರು, ಕಾಣಿಕೆ ತೆಗೆದುಕೊಂಡರು. ಮಕ್ಕಳಿಗೆ ಪಾಠ ಮಾಡುತ್ತೇನೆ ಎಂದ ದಿನವೇ ಅವರ ನಿಯಮ ಹೊರಗೆ ಬಂತು. ಮೊದಲೇ ಹೇಳಬಹುದಿತ್ತು, ಅಲ್ವಾ? ಒಬ್ಬ ಮನುಷ್ಯ ಅಲ್ಲಿ ಸ್ನೇಹ ಬೆಳೆಸಿ, ಬೇರು ಬಿಟ್ಟಮೇಲೆ ಕಿತ್ತು ಹಾಕುವುದು ಕ್ರೌರ್ಯ.

ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್‌ನಲ್ಲಿ ಮೂರಕ್ಕೂ 'ಹೌದು'. 1968ರಲ್ಲಿ ಟ್ರಾಯ್ ಪೆರಿ ಲಾಸ್ ಏಂಜಲೀಸ್ ಹತ್ತಿರದ ತಮ್ಮ ಮನೆಯಲ್ಲಿ 12 ಜನರೊಂದಿಗೆ ಶುರುಮಾಡಿದ ಚರ್ಚ್ ಇದು. ಪೆಂಟೆಕೋಸ್ಟಲ್ ಪಾಸ್ಟರ್ ಆಗಿದ್ದ ಅವರನ್ನು ಗೇ ಎಂಬ ಕಾರಣಕ್ಕೆ ಹೊರಗೆ ಹಾಕಲಾಗಿತ್ತು. ಇಲ್ಲಿ ನಾನು ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಆದರೆ ಸಭೆಗಳು ಕಡಿಮೆ, ಎಲ್ಲರಿಗೂ ಹತ್ತಿರದಲ್ಲಿ ಸಿಗುವುದಿಲ್ಲ.

ನನಗೆ ಕೊನೆಗೆ ಹಿಡಿಸಿದ್ದು ಯುನೈಟೆಡ್ ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಚರ್ಚ್. ಸಲಿಂಗಕಾಮ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಸಾಲು 1972ರಿಂದ ಅವರ ನಿಯಮದಲ್ಲಿತ್ತು. ಇದೇ ಜಗಳದಲ್ಲಿ ಅಮೆರಿಕದ ಸಾವಿರಾರು ಸಭೆಗಳು ಬಿಟ್ಟುಹೋದವು. 2024ರಲ್ಲಿ ಆ ಸಾಲನ್ನು ತೆಗೆದುಹಾಕಿದರು. ಇಷ್ಟು ಕಷ್ಟಪಟ್ಟು ಬದಲಾದವರ ಮೇಲೆ ನನಗೆ ನಂಬಿಕೆ ಹೆಚ್ಚು. ಆದರೆ ಮದುವೆ ಮಾಡಿಸಲೇಬೇಕೆಂದು ಅಲ್ಲಿನ ಪಾದ್ರಿಗಳಿಗೆ ಒತ್ತಾಯವಿಲ್ಲ. ಹಾಗಾಗಿ ಅಲ್ಲಿಯೂ ಸದಸ್ಯರಾಗುವ ಮೊದಲೇ, ಪಾದ್ರಿಯ ಎದುರು ಕೂತು ಮೂರೂ ಪ್ರಶ್ನೆ ಕೇಳಿಬಿಡಿ.