ದಿ ಲಾಸ್ಟ್ ಜೇಡೈ: ಕಾಲದ ಪರೀಕ್ಷೆಯಲ್ಲಿ

2017ರ ಡಿಸೆಂಬರ್‌ನಲ್ಲಿ ತೆರೆಕಂಡ ರಿಯಾನ್ ಜಾನ್ಸನ್ ನಿರ್ದೇಶನದ ‘ಸ್ಟಾರ್ ವಾರ್ಸ್: ದಿ ಲಾಸ್ಟ್ ಜೇಡೈ’ ಚಿತ್ರವನ್ನು ವಿಮರ್ಶಕರು ಮೆಚ್ಚಿದರೂ, ಅಭಿಮಾನಿಗಳು ಎರಡು ಪಾಳಯಗಳಾಗಿ ಒಡೆದರು. ಅದು ಕಾಲಕ್ರಮೇಣ ಮನ್ನಣೆ ಪಡೆದೀತೇ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. ಮತ್ತೊಮ್ಮೆ ನೋಡಿದ ಮೇಲೆ, ಪಡೆದೀತು ಎನ್ನುವವರ ಕಡೆಗೇ ನನ್ನ ಒಲವು.

ಜಗಳದ ಬೇರು ಲ್ಯೂಕ್ ಸ್ಕೈವಾಕರ್‌ನ ಪಾತ್ರದಲ್ಲಿದೆ. ಸರಣಿಯ ಹಿಂದಿನ ಚಿತ್ರಗಳಲ್ಲಿ ಕ್ರೂರಿಯಾದ ತಂದೆಯಲ್ಲೂ ಒಳಿತನ್ನು ಕಂಡಿದ್ದ ಆ ನಾಯಕ ಇಲ್ಲಿ ಸೋದರಳಿಯನ ಮೇಲೆ ಕ್ಷಣಕಾಲ ಬೆಳಕಿನ ಕತ್ತಿ ಎತ್ತಿ, ಅದರ ನಾಚಿಕೆಯಲ್ಲೇ ನಿರ್ಜನ ದ್ವೀಪವನ್ನು ಸೇರಿದ್ದಾನೆ. ಇದನ್ನು ದ್ರೋಹವೆಂದು ಬಗೆದವರ ನೋವು ಅರ್ಥವಾಗುತ್ತದೆಯಾದರೂ, ಸೋಲನ್ನು ಹೊತ್ತ ಮುದುಕನಾಗಿ ಮಾರ್ಕ್ ಹ್ಯಾಮಿಲ್ ನೀಡಿರುವ ಅಭಿನಯ ಈ ಸರಣಿಯಲ್ಲೇ ಅವರ ಅತ್ಯುತ್ತಮವಾದುದು. ಬಿಳಿ ಉಪ್ಪಿನಡಿ ಕೆಂಪು ನೆಲ ಹೊರಬೀಳುವ ಕೊನೆಯ ಕಾಳಗವೂ ಮಾಸುವಂಥದ್ದಲ್ಲ. ಜೂಜುಕಟ್ಟೆಯ ಪ್ರಸಂಗ ಮಾತ್ರ ಅಂದಿನಂತೆ ಇಂದೂ ಎಳೆದಾಟವೇ.

ಇದೇ ಸರಣಿಯ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಕೂಡ ಆರಂಭದಲ್ಲಿ ಮಿಶ್ರ ವಿಮರ್ಶೆಗಳನ್ನೇ ಕಂಡಿತ್ತು. 1999ರಿಂದ 2005ರವರೆಗಿನ ಸರಣಿಯ ಮೂರು ಚಿತ್ರಗಳನ್ನು ಬಾಲ್ಯದಲ್ಲಿ ನೋಡಿದವರು ಬೆಳೆದ ಬಳಿಕ ಅವುಗಳ ಪರ ನಿಂತರು. ಆದರೆ ‘ದಿ ಲಾಸ್ಟ್ ಜೇಡೈ’ ಚಿತ್ರದ ಪಾಡು ಬೇರೆ: ನಾಯಕಿ ರೇ ಸಾಮಾನ್ಯರ ಮಗಳು ಎಂಬ ಇದರ ದಿಟ್ಟ ನಿಲುವನ್ನು 2019ರ ಮುಂದಿನ ಭಾಗವೇ ಅಳಿಸಿಹಾಕಿತು. ಹೀಗಾಗಿ ಇದನ್ನು ಬಿಡಿಯಾಗಿ ನೋಡಿದರೇ ಹೆಚ್ಚು ರುಚಿಸುತ್ತದೆ.