ಟೀಮ್ ಫೋರ್ಟ್ರೆಸ್ 2: ಹೊಸ ಗನ್ ಬೇಕಾದರೆ ಯಾವ ದಾರಿ ಹಿಡಿಯಬೇಕು?

ಟೀಮ್ ಫೋರ್ಟ್ರೆಸ್ 2 ಹಳೇ ಗೇಮ್. ಸೋಲ್ಜರ್, ಸ್ಕೌಟ್, ಮೆಡಿಕ್, ಹೆವಿ, ಸ್ಪೈ ಹೀಗೆ ಹಲವು ಪಾತ್ರಗಳಲ್ಲಿ ಒಂದನ್ನ ಆರಿಸಿಕೊಂಡು ಎರಡು ತಂಡಗಳು ಹೊಡೆದಾಡೋ ಶೂಟಿಂಗ್ ಆಟ. 2007ರಲ್ಲಿ ಬಂತು, 2011ರ ಜೂನ್‌ನಲ್ಲಿ ಉಚಿತವಾಯಿತು. ಇವತ್ತಿಗೂ ಹೊಸಬರು ಬರುತ್ತಲೇ ಇದ್ದಾರೆ. ಬಂದವರು ಕೇಳೋದು ಒಂದೇ ಪ್ರಶ್ನೆ: ‘ನನ್ನ ಹೊಡೆದನಲ್ಲ, ಅವನ ಕೈಲಿದ್ದ ಗನ್ ನನಗೆ ಹೇಗೆ ಸಿಗುತ್ತೆ?’

ಮೊದಲೇ ಒಂದು ಮಾತು. ಶುರುವಿನಲ್ಲಿ ಕೊಡೋ ಗನ್‌ಗಳು ಸಪ್ಪೆ ಅಲ್ಲ. ಸೋಲ್ಜರ್‌ನ ಮಾಮೂಲಿ ರಾಕೆಟ್ ಲಾಂಚರ್, ಸ್ಕೌಟ್‌ನ ಸ್ಕ್ಯಾಟರ್‌ಗನ್, ತಂಡದವರ ಗಾಯ ವಾಸಿ ಮಾಡೋ ಮೆಡಿಕ್‌ನ ಮೆಡಿಗನ್, ಇವನ್ನೇ ಹಿಡಿದು ಟೂರ್ನಮೆಂಟ್ ಆಡೋರು ಬೇಕಾದಷ್ಟು ಜನ. ಹೊಸ ಗನ್ ಅಂದರೆ ಜಾಸ್ತಿ ಬಲ ಅಂತಲ್ಲ, ಬೇರೆ ಥರದ ಆಟ ಅಷ್ಟೇ. ಸೋಲ್ಜರ್‌ನ ಇನ್ನೊಂದು ಲಾಂಚರ್ ಬ್ಲ್ಯಾಕ್ ಬಾಕ್ಸ್ ಹಿಡಿದರೆ ಹೊಡೆದಾಗ ನಮ್ಮ ಜೀವ ತುಂಬುತ್ತೆ, ಆದರೆ ನಾಲ್ಕರ ಬದಲು ಮೂರೇ ರಾಕೆಟ್. ಕೊಟ್ಟಿದ್ದಕ್ಕೆ ಏನೋ ಒಂದು ಕಿತ್ತುಕೊಂಡೇ ಇರುತ್ತೆ.

ನಾನು ಹೆಚ್ಚಾಗಿ ಆಡೋದು ಮೆಡಿಕ್. ನನಗೆ ಬೇಕಿದ್ದದ್ದು ಕ್ರುಸೇಡರ್ಸ್ ಕ್ರಾಸ್‌ಬೋ. ಇದರ ಬಾಣ ನಮ್ಮ ತಂಡದವರಿಗೆ ತಾಗಿದರೆ ಅವರ ಜೀವ ತುಂಬುತ್ತೆ. ಹತ್ತಿರದಿಂದ 75, ತುಂಬಾ ದೂರದಿಂದ ಗುರಿ ಇಟ್ಟರೆ 150ರವರೆಗೆ. ಸಾಯ್ತಾ ಓಡಿ ಬರೋ ಹೆವಿಯ ಎದೆಗೆ ಆಚೆ ತುದಿಯಿಂದ ಒಂದು ಬಾಣ ಹಾಕಿ ಬದುಕಿಸೋ ಮಜಾನೇ ಬೇರೆ. ಅದಕ್ಕೋಸ್ಕರ ಇದ್ದಬದ್ದ ದಾರಿಗಳನ್ನೆಲ್ಲ ನೋಡಿದೆ.

ಮೊದಲನೇದು ಡ್ರಾಪ್. ಆಡುತ್ತಾ ಇದ್ದರೆ ಸಾಕು, 30ರಿಂದ 70 ನಿಮಿಷಕ್ಕೊಮ್ಮೆ ಒಂದು ವಸ್ತು ತಾನಾಗಿ ಬರುತ್ತೆ. ವಾರಕ್ಕೆ ಸುಮಾರು 10 ಗಂಟೆಯ ಆಟಕ್ಕೆ ಮಾತ್ರ ಲೆಕ್ಕ, ಆಮೇಲೆ ಎಷ್ಟು ಆಡಿದರೂ ಇಲ್ಲ. ಹೊಸ ವಾರ ಶುರುವಾಗೋದು ನಮ್ಮ ಗಡಿಯಾರದಲ್ಲಿ ಗುರುವಾರ ಬೆಳಗ್ಗೆ 5:30ಕ್ಕೆ. ಈ ವಾರ ಪರೀಕ್ಷೆ, ಮದುವೆ ಅಂತ ಆಡಲು ಆಗದಿದ್ದರೆ ಉಳಿದ ಸಮಯ ಮುಂದಿನ ವಾರಕ್ಕೆ ಸೇರುತ್ತೆ, ಆದರೆ ಒಟ್ಟು 20 ಗಂಟೆ ಮೀರಲ್ಲ. ಹಿಂದೆ ಗೇಮ್ ಹಾಕಿಟ್ಟು ಮಲಗಿಬಿಡೋರು ಇದ್ದರು. ಈಗ ಬಂದ ವಸ್ತುವನ್ನು ನೋಡಿ ಒಪ್ಪಿಕೊಳ್ಳದಿದ್ದರೆ ಮುಂದಿನದು ಬರಲ್ಲ, ಹಾಗಾಗಿ ಆ ಆಟ ನಡೆಯಲ್ಲ.

ಡ್ರಾಪ್ ಅನ್ನೋದು ರೇಷನ್ ಅಂಗಡಿ ಇದ್ದ ಹಾಗೆ. ಕೊಟ್ಟಿದ್ದನ್ನ ಚೀಲಕ್ಕೆ ಹಾಕಿಕೊಂಡು ಬರಬೇಕು, ಆರಿಸೋ ಹಾಗಿಲ್ಲ. ನನಗೆ ಸ್ನೈಪರ್‌ನ ಜರಾಟೆ ಮತ್ತೆ ಮತ್ತೆ ಬಂತು. ಸ್ನೈಪರ್ ಆಡದವನಿಗೆ ಅದನ್ನ ಇಟ್ಟುಕೊಂಡು ಏನಾಗಬೇಕು? ಕ್ರಾಸ್‌ಬೋ ಮಾತ್ರ ಪತ್ತೆ ಇಲ್ಲ. ಬೇಕಾದ ಗನ್‌ಗೆ ಕಾಯೋದಾದರೆ ಇದರಷ್ಟು ನಿಧಾನದ ದಾರಿ ಇನ್ನೊಂದಿಲ್ಲ. ಆದರೂ ಇದನ್ನ ಬಿಡೋ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಎರಡನೇದು ಅಚೀವ್‌ಮೆಂಟ್, ಅಂದರೆ ಗೇಮ್ ಕೊಡೋ ಸವಾಲುಗಳನ್ನ ಮುಗಿಸೋದು. ಇದು ಎಲ್ಲಕ್ಕಿಂತ ಹಳೇ ದಾರಿ. 2008ರ ಏಪ್ರಿಲ್‌ನಲ್ಲಿ ಮೆಡಿಕ್‌ಗೆ ಮೊದಲ ಹೊಸ ಗನ್‌ಗಳು ಬಂದಾಗ ಇದೊಂದೇ ಇತ್ತು. ಮೆಡಿಕ್‌ನ ಪಟ್ಟಿಯಲ್ಲಿ 10 ಮುಗಿಸಿದರೆ ಬ್ಲುಟ್‌ಸಾಗರ್, 16ಕ್ಕೆ ಕ್ರಿಟ್ಸ್‌ಕ್ರೀಗ್, 22ಕ್ಕೆ ಊಬರ್‌ಸಾ. ಸೋಲ್ಜರ್, ಡೆಮೊಮ್ಯಾನ್, ಇಂಜಿನಿಯರ್‌ಗೆ ಇಷ್ಟು ಕಷ್ಟ ಇಲ್ಲ. ಅಲ್ಲಿ 5, 11, 17.

ಇದರ ಒಳ್ಳೇ ಗುಣ ಏನಂದರೆ ಅದೃಷ್ಟದ ಮಾತೇ ಇಲ್ಲ. ಏನು ಮಾಡಿದರೆ ಏನು ಸಿಗುತ್ತೆ ಅಂತ ಮೊದಲೇ ಗೊತ್ತು. ಕೆಲವು ಅಚೀವ್‌ಮೆಂಟ್‌ಗಳು ಆಟವನ್ನೂ ಕಲಿಸುತ್ತವೆ. ಒಬ್ಬ ಹೆವಿಯ ಬೆನ್ನು ಬಿಡದೆ ಇಬ್ಬರೂ ಸಾಯದ ಹಾಗೆ 20 ಜನರನ್ನು ಕೆಡವಬೇಕು ಅಂತ ಒಂದಿದೆ. ಅದನ್ನ ಮಾಡಲು ಹೊರಟರೆ ಯಾವ ಮೂಲೆಯಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಅಂತ ತಾನಾಗಿ ತಲೆಗೆ ಹತ್ತುತ್ತೆ. ಇನ್ನು ಕೆಲವು ಬರೀ ಹುಚ್ಚಾಟ. ನಮ್ಮವರ ವೇಷ ಹಾಕಿಕೊಂಡು ‘ಮೆಡಿಕ್’ ಅಂತ ಕೂಗಿ ಕರೆದ ಶತ್ರು ಸ್ಪೈಗಳನ್ನು ಗರಗಸದಲ್ಲೇ ಕೊಯ್ಯಬೇಕಂತೆ, ಅದೂ ಐದು ಜನರನ್ನು. ಅದರ ಹಿಂದೆ ಬಿದ್ದ ಮೆಡಿಕ್ ತಂಡದವರಿಗೆ ಔಷಧಿ ಕೊಡೋದು ಬಿಟ್ಟು ಸಿಕ್ಕಸಿಕ್ಕವರ ಮುಖ ನೋಡುತ್ತಾ ತಿರುಗುತ್ತಾನೆ. ತಂಡದವರು ಬೈಯದೆ ಇರ್ತಾರಾ? ಇದಕ್ಕೇ ಅಂತ ಅಚೀವ್‌ಮೆಂಟ್ ಸರ್ವರ್‌ಗಳಿವೆ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನಿಂತು ಕೊಟ್ಟು ಬೇಗ ಮುಗಿಸಿಕೊಳ್ಳುತ್ತಾರೆ. ಹೋಗಿ ನೋಡಿದೆ. ಕೆಲಸ ಆಗುತ್ತೆ, ಆದರೆ ಬೋರು ಅಂದರೆ ಬೋರು.

ಕೊರತೆ ಎರಡು. ಹೀಗೆ ಬಂದ ಗನ್ ಇನ್ನೊಬ್ಬರಿಗೆ ಕೊಡಲು ಬರಲ್ಲ. ಮತ್ತೆ ಪ್ರತಿ ಪಾತ್ರಕ್ಕೆ ಮೂರೇ ಗನ್, ಅದೂ ಹಳೇವು. ಕ್ರಾಸ್‌ಬೋ ಆ ಪಟ್ಟಿಯಲ್ಲೇ ಇಲ್ಲ. ಆದರೂ ಊಬರ್‌ಸಾ ಬೇಕು ಅನ್ನೋರಿಗೆ ನಾನು ಇದೇ ದಾರಿ ಹೇಳೋದು. ಒಂದೊಂದು ಏಟಿಗೆ 25 ಪರ್ಸೆಂಟ್ ಊಬರ್ (ಸ್ವಲ್ಪ ಹೊತ್ತು ಏಟೇ ತಾಗದ ಹಾಗೆ ಮಾಡೋ ಮೆಡಿಕ್‌ನ ಶಕ್ತಿ) ತುಂಬೋ ಆಯುಧ ಬಿಟ್ಟಿಯಾಗಿ ಸಿಗುವಾಗ ಬೇರೆ ಕಡೆ ಯಾಕೆ ಅಲೀಬೇಕು?

ಮೂರನೇದು ಕ್ರಾಫ್ಟಿಂಗ್. 2009ರ ಡಿಸೆಂಬರ್‌ನಲ್ಲಿ ಬಂದದ್ದು. ಒಂದೇ ಪಾತ್ರದ ಎರಡು ಗನ್ ಕರಗಿಸಿದರೆ ಒಂದು ಸ್ಕ್ರ್ಯಾಪ್ ಲೋಹ. ಮೂರು ಸ್ಕ್ರ್ಯಾಪ್‌ಗೆ ಒಂದು ರಿಕ್ಲೇಮ್ಡ್, ಮೂರು ರಿಕ್ಲೇಮ್ಡ್‌ಗೆ ಒಂದು ರಿಫೈನ್ಡ್. ಅಂದರೆ ಒಂದು ರಿಫೈನ್ಡ್‌ಗೆ 18 ಗನ್ ಬೆಂಕಿಗೆ. ಕೆಲವು ಗನ್‌ಗೆ ನಿಗದಿಯಾದ ಪಾಕವೂ ಉಂಟು. ಸ್ನೈಪರ್‌ನ ರೇಜರ್‌ಬ್ಯಾಕ್ ಮತ್ತು ಡೆಮೊಮ್ಯಾನ್‌ನ ಚಾರ್ಜಿನ್ ಟಾರ್ಜ್, ಎರಡೂ ಗುರಾಣಿ. ಇವನ್ನ ಸೇರಿಸಿದರೆ ಸೋಲ್ಜರ್‌ಗೆ ಗನ್‌ಬೋಟ್ಸ್ ಬೂಟು! ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ.

ಪಾಕ ಗೊತ್ತಿಲ್ಲದಿದ್ದರೆ ಟೋಕನ್ ದಾರಿ ಹಿಡೀಬೇಕು. ಒಂದೇ ಪಾತ್ರದ ಮೂರು ಗನ್ ಕೊಟ್ಟು ಪಾತ್ರದ ಟೋಕನ್, ಒಂದೇ ಸ್ಲಾಟ್‌ನ (ಮುಖ್ಯ ಗನ್, ಎರಡನೇ ಗನ್, ಕೈಯಾಯುಧ ಅನ್ನೋ ಜಾಗಗಳಲ್ಲಿ ಒಂದು) ಮೂರು ಗನ್ ಕೊಟ್ಟು ಸ್ಲಾಟ್ ಟೋಕನ್, ಮೇಲೊಂದು ಸ್ಕ್ರ್ಯಾಪ್. ಕೂಡಿ ನೋಡಿ: ಒಟ್ಟು ಎಂಟು ಗನ್ ಹೋಯಿತು. ಬಂದದ್ದು ಒಂದು. ಅದೂ ಆ ಪಾತ್ರದ ಆ ಸ್ಲಾಟ್‌ನಲ್ಲಿ ಯಾವುದಾದರೂ ಒಂದು. ಕ್ರಾಸ್‌ಬೋ ಆಸೆಗೆ ಹಾಕಿದೆ, ಬ್ಲುಟ್‌ಸಾಗರ್ ಬಂತು. ಅದು ಅಚೀವ್‌ಮೆಂಟ್‌ನಲ್ಲಿ ಮೊದಲೇ ಬಂದಿತ್ತು. ನನ್ನ ಮಟ್ಟಿಗೆ ಕ್ರಾಫ್ಟಿಂಗ್ ಗನ್ ಮಾಡೋ ಜಾಗ ಅಲ್ಲ. ಬೇಡದ ಗನ್ ಕರಗಿಸಿ ಲೋಹ ಮಾಡಿಕೊಳ್ಳೋ ಕುಲುಮೆ, ಅಷ್ಟೇ.

ಹಾಗಾದರೆ ಲೋಹ ಯಾಕೆ? ಇಲ್ಲಿಗೆ ಬಂತು ನೋಡಿ ಟ್ರೇಡಿಂಗ್, ಅಂದರೆ ಆಟಗಾರರು ವಸ್ತು ಬದಲಿಸಿಕೊಳ್ಳೋದು. 2010ರ ಸೆಪ್ಟೆಂಬರ್ ಕೊನೆಗೆ ಅಂಗಡಿ ಮತ್ತು ಟ್ರೇಡಿಂಗ್ ಒಟ್ಟಿಗೇ ಬಂದವು. ಬರಬರುತ್ತಾ ಲೋಹವೇ ಆಟಗಾರರ ನಡುವೆ ರೊಕ್ಕ ಆಗಿಬಿಟ್ಟಿತು. ಮಾಮೂಲಿ ಗನ್‌ನ ಬೆಲೆ ಅರ್ಧ ಸ್ಕ್ರ್ಯಾಪ್. ಹೆಸರು ಎಷ್ಟೇ ದೊಡ್ಡದಿರಲಿ, ಒಂದು ಗನ್‌ಗೆ ಇನ್ನೊಂದು ಗನ್ ಸಮ. ಇದೇ ಸಂಗತಿ ಹೊಸಬರಿಗೆ ಗೊತ್ತಿರಲ್ಲ. ನನ್ನ ಹತ್ತಿರ ಬಿದ್ದಿದ್ದ ಜರಾಟೆಗೂ ಕ್ರಾಸ್‌ಬೋಗೂ ಬೆಲೆಯಲ್ಲಿ ವ್ಯತ್ಯಾಸವೇ ಇಲ್ಲ!

ಮಾಡಿದ್ದು ಇಷ್ಟೇ. ತಾನಾಗಿ ವ್ಯಾಪಾರ ಮಾಡೋ ಟ್ರೇಡಿಂಗ್ ಬಾಟ್ ನಡೆಸೋ ಒಂದು ಸೈಟ್‌ಗೆ ಸ್ಟೀಮ್ (ಈ ಗೇಮ್ ಸಿಗೋ ವೇದಿಕೆ) ಖಾತೆಯಿಂದ ಹೋದೆ. ಎಡಗಡೆ ನನ್ನ ಬೇಡದ ಗನ್‌ಗಳು, ಬಲಗಡೆ ಅವರ ಹತ್ತಿರ ಇರೋವು. ಎರಡು ಜರಾಟೆ ಒತ್ತಿದೆ, ಬದಲಿಗೆ ಒಂದು ಕ್ರಾಸ್‌ಬೋ, ಸೋಲ್ಜರ್‌ನ ಒಂದು ಎಸ್ಕೇಪ್ ಪ್ಲಾನ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಸ್ಟೀಮ್‌ನಲ್ಲಿ ಆಫರ್ ಬಂತು. ಎರಡೂ ಕಡೆಯ ಚಿತ್ರ ಸರಿ ಇದೆಯಾ ಅಂತ ನೋಡಿ, ಫೋನ್‌ನ ಸ್ಟೀಮ್ ಆ್ಯಪ್‌ನಲ್ಲಿ ಒಪ್ಪಿಗೆ ಕೊಟ್ಟೆ. ಗೇಮ್ ತೆರೆದಾಗ ‘ಹೊಸ ವಸ್ತು ಬಂದಿದೆ’ ಅಂತ ಪೆಟ್ಟಿಗೆ ಕಾದಿತ್ತು. ಚಹಾ ಆರೋಷ್ಟರಲ್ಲಿ ಕೆಲಸ ಮುಗಿದಿತ್ತು.

ಡ್ರಾಪ್ ಬಿಡಬೇಡಿ ಅಂದದ್ದು ಇದಕ್ಕೇ. ಅಲ್ಲಿ ಬರೋದು ಕಚ್ಚಾ ಮಾಲು. ವಾರವಿಡೀ ಬಂದ ಬೇಡದ ಗನ್‌ಗಳನ್ನು ಇಲ್ಲಿ ತಂದು ಬೇಕಾದ್ದಕ್ಕೆ ಬದಲಿಸಿಕೊಳ್ಳೋದು. ಆಮೇಲೂ ಒಂದೇ ಪಾತ್ರದ ಜೋಡಿ ಉಳಿದರೆ ಕರಗಿಸಿ ಸ್ಕ್ರ್ಯಾಪ್ ಮಾಡಿಡೋದು.

ತೊಡಕು ಇಲ್ಲದಿಲ್ಲ. ಫೋನ್‌ನಲ್ಲಿ ಸ್ಟೀಮ್ ಗಾರ್ಡ್ ಅನ್ನೋ ಭದ್ರತೆ ಹಾಕಿಕೊಳ್ಳದಿದ್ದರೆ ಟ್ರೇಡ್ 15 ದಿನ ತಡೆದು ನಿಲ್ಲುತ್ತೆ. ಅಷ್ಟು ದಿನ ಕಾಯೋ ವ್ಯಾಪಾರಿ ಸಿಗೋದು ಕಷ್ಟ. ಉಚಿತ ಖಾತೆಯವರಿಗೆ ಟ್ರೇಡಿಂಗ್‌ನಲ್ಲಿ ಕೈ ಕಟ್ಟಿರುತ್ತೆ. ಮತ್ತೆ ಮೋಸಗಾರರ ಕಾಟ. ‘ನಿನ್ನ ಮೇಲೆ ತಪ್ಪಾಗಿ ದೂರು ಕೊಟ್ಟುಬಿಟ್ಟೆ, ಈ ಅಡ್ಮಿನ್ ಜೊತೆ ಮಾತಾಡು’ ಅಂತ ಒಬ್ಬ ಬರ್ತಾನೆ. ಆ ಅಡ್ಮಿನ್ನೂ ಅವನೇ. ಮಾತಾಡದೆ ಬ್ಲಾಕ್ ಮಾಡಿ.

ಅಂಗಡಿ ಬಗ್ಗೆ ಜಾಸ್ತಿ ಹೇಳಲ್ಲ. ಗೇಮ್ ಒಳಗಿನ ಮ್ಯಾನ್ ಕೋ ಸ್ಟೋರ್‌ನಲ್ಲಿ ದುಡ್ಡು ಕೊಟ್ಟರೆ ತಕ್ಷಣ ಗನ್. ಅರ್ಧ ಸ್ಕ್ರ್ಯಾಪ್‌ಗೆ ಸಿಗೋ ವಸ್ತುವಿಗೆ ರೂಪಾಯಿ ಕೊಡೋದು ದಂಡ. ಆದರೆ ಒಂದೇ ಒಂದು ಸಲ, ತೀರಾ ಅಗ್ಗದ್ದು ಏನಾದರೂ ತಗೊಳ್ಳಿ. ಅದರಿಂದ ಖಾತೆ ಪ್ರೀಮಿಯಂ ಆಗುತ್ತೆ, ವಸ್ತು ಇಡೋ ಜಾಗ 50ರಿಂದ 300ಕ್ಕೆ ಏರುತ್ತೆ, ಟ್ರೇಡಿಂಗ್‌ನ ಕಟ್ಟೂ ಬಿಚ್ಚುತ್ತೆ. ನಾನು ಕೊಟ್ಟ ದುಡ್ಡು ಗನ್‌ಗಲ್ಲ, ಆ ಬಾಗಿಲಿಗೆ.

ಉಳಿದದ್ದು ಕ್ರೇಟ್. ಪೆಟ್ಟಿಗೆ ಬಿಟ್ಟಿ, ಕೀಲಿಗೆ 2.49 ಡಾಲರ್. ಒಳಗೆ ಏನಿದೆಯೋ ದೇವರೇ ಬಲ್ಲ. ಹೊಳೆಯೋ ಅನ್‌ಯೂಶುವಲ್ ಟೋಪಿ ಸಿಗೋ ಸಾಧ್ಯತೆ ಸುಮಾರು 1 ಪರ್ಸೆಂಟ್. 2018ರಲ್ಲಿ ಬೆಲ್ಜಿಯಂ ದುಡ್ಡು ಕೊಟ್ಟು ತೆರೆಯೋ ಇಂಥ ಪೆಟ್ಟಿಗೆಗಳನ್ನು ಜೂಜು ಅಂತಲೇ ಹೇಳಿತು. 2019ರ ಜುಲೈನಲ್ಲಿ ಒಂದು ಅಪ್‌ಡೇಟ್ ಎಡವಟ್ಟಾಗಿ ಕೆಲವು ಹಳೇ ಕ್ರೇಟ್‌ಗಳಲ್ಲಿ ತೆರೆದವರಿಗೆಲ್ಲ ಅನ್‌ಯೂಶುವಲ್ ಟೋಪಿ ಬಂತು, ಬೆಲೆಗಳೆಲ್ಲ ತಲೆಕೆಳಗಾದವು. ಅಂಥ ದಿನ ಮತ್ತೆ ಬರುತ್ತೆ ಅಂತ ಕೀಲಿ ಕೊಳ್ಳೋರಿಗೆ ನಾನೇನು ಹೇಳಲಿ?

ಕ್ರೇಟ್‌ನಿಂದ ಬರೋದರಲ್ಲಿ ನನಗೂ ಆಸೆ ಇರೋದು ಸ್ಟ್ರೇಂಜ್ ಗನ್ ಒಂದೇ. ಅದು ಎಷ್ಟು ಜನರನ್ನು ಕೆಡವಿದೆವು ಅಂತ ತಾನೇ ಲೆಕ್ಕ ಇಡುತ್ತೆ. ಅದಕ್ಕೂ ಕೀಲಿ ಬೇಕಿಲ್ಲ. ಯಾರೋ ತೆರೆದು ಬೇಡ ಅಂದದ್ದು ಟ್ರೇಡಿಂಗ್‌ನಲ್ಲಿ ಸಿಗುತ್ತೆ. ಎಷ್ಟೋ ಸ್ಟ್ರೇಂಜ್ ಗನ್‌ಗಳಿಗೆ ಒಂದು ಕೀಲಿಯಷ್ಟೂ ಬೆಲೆ ಇಲ್ಲ. ಲೋಹ ಕೂಡಿಟ್ಟು ತಂದುಕೊಂಡರೆ ಆಯಿತು.