ಎಂಟನೇ ಕ್ಲಾಸಿಗೆ ಕರ್ವಾಲೊನಾ, ಜೈಮಿನಿ ಭಾರತನಾ?

ಸಿಲಬಸ್ ಹೊರಗೆ ಒಂದೇ ಒಂದು ಕೃತಿ ಓದಿಸೋಕೆ ಟೈಮ್ ಇದೆ ಅಂದ್ರೆ, ನಮ್ಮ ಚಿಕ್ಕಮಗಳೂರು ಕಡೆ ಕನ್ನಡ ಮೇಷ್ಟ್ರಿಗೆ ಮನೆ ಹತ್ರನೇ ಎರಡಿದೆ. ಮೂಡಿಗೆರೆ ತೇಜಸ್ವಿಯವರ ಕಾದಂಬರಿ ಕರ್ವಾಲೊ (1980), ಕಡೂರು ತಾಲ್ಲೂಕು ದೇವನೂರಿನ ಲಕ್ಷ್ಮೀಶನ ಹಳೇ ಕಾವ್ಯ ಜೈಮಿನಿ ಭಾರತ.

ಕರ್ವಾಲೊದಲ್ಲಿ ಭಾಷೆ ಅಡ್ಡ ಬರಲ್ಲ. ಜೇನು, ತೋಟ, ಕಾಡು, ಹಾರೋ ಓತಿ ಅಂದ್ರೆ ಮಲೆನಾಡು ಮಕ್ಕಳು ಕಿವಿ ನೆಟ್ಟಗೆ ಮಾಡ್ತಾರೆ, ಹಳ್ಳಿ ಹುಡುಗ ಮಂದಣ್ಣನ್ನ ಊರವರು ಹೇಗೆ ನೋಡ್ತಾರೆ, ವಿಜ್ಞಾನಿ ಕರ್ವಾಲೊ ಅವನಲ್ಲಿ ಏನು ಕಾಣ್ತಾರೆ ಅಂತ ಕೇಳಿ ನೀವು ಸುಮ್ಮನಾದ್ರೆ ಸಾಕು, ಉಳಿದ ಪೀರಿಯಡ್ ಅವರೇ ಮಾತಾಡ್ತಾರೆ, ಪಾತ್ರವಿಮರ್ಶೆ ಅಂದ್ರೆ ಅದೇ ತಾನೆ! ಆದ್ರೆ ಕಥೆ ಹಿಂದೆ ಓಡ್ತಾ ವಾಕ್ಯದ ಸೊಗಸು ಬಿಟ್ಟುಹೋಗುತ್ತೆ, ಅಲ್ಲಲ್ಲಿ ನಿಲ್ಲಿಸಿ ಒಂದು ಪ್ಯಾರಾ ಜೋರಾಗಿ ಓದಿಸ್ಬೇಕು.

ಲಕ್ಷ್ಮೀಶ ಪೂರ್ತಿ ಉಲ್ಟಾ, ಮೊದಲು ನಾದ, ಅರ್ಥ ಆಮೇಲೆ. ಕಾವ್ಯ ಇರೋದು ವಾರ್ಧಕ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದಲ್ಲಿ, ಅದರದು ಐದೈದು ಮಾತ್ರೆಯ ನಡೆ, ಬೆಂಚ್ ತಟ್ಟಿಸಿ ಹೇಳಿಸಿದ್ರೆ ಓದೋಕೆ ಹಿಂಜರಿಯೋ ಹುಡುಗ್ರೂ ದನಿ ಸೇರಿಸ್ತಾರೆ. ಚಂದ್ರಹಾಸನ ಕಥೆ ಆರಿಸಿ, ಅವನಿಗೆ ‘ವಿಷ’ ಕೊಡಿ ಅಂತಿದ್ದ ಪತ್ರನ ಮಂತ್ರಿ ಮಗಳು ವಿಷಯೆ ತನ್ನ ಹೆಸರಿಗೆ ತಿದ್ದೋ ಜಾಗದಲ್ಲಿ ಕ್ಲಾಸು ಉಸಿರು ಬಿಗಿ ಹಿಡಿಯುತ್ತೆ. ಪದ ಬಿಡಿಸೋಕೆ ಮಾತ್ರ ತುಂಬಾ ಟೈಮ್ ಬೇಕು, ರಾಗವಾಗಿ ಓದೋರು ಇಲ್ಲಾಂದ್ರೆ ಬರೀ ಶಬ್ದಾರ್ಥದ ಪಾಠ ಆಗ್ಬಿಡುತ್ತೆ.

ನನ್ನ ಕೇಳಿದ್ರೆ ಎಂಟಕ್ಕೆ ಕರ್ವಾಲೊ. ನಿಮಗೆ ಗಮಕ, ಅಂದ್ರೆ ಕಾವ್ಯನ ರಾಗವಾಗಿ ಓದೋ ಕಲೆ, ಬರುತ್ತೆ ಅಂದ್ರೆ ಯೋಚನೆನೇ ಬೇಡ, ಲಕ್ಷ್ಮೀಶನ್ನೇ ತಗೊಳ್ಳಿ, ಯಾವುದಾದ್ರೂ ಸರಿ ಟೆಸ್ಟ್ ಮಾತ್ರ ಇಡ್ಬೇಡಿ.